ಗದಗಿನ ಬೆಕ್ಕುಗಳಿಗೆ ವಯಸ್ಸಾದ ವರ್ಷ

ಆ ಯಂತ್ರ ಬಂದ ವರ್ಷ ಗದಗಿನ ಬೆಕ್ಕುಗಳಿಗೆಲ್ಲ ಒಮ್ಮೆಗೇ ವಯಸ್ಸಾಯಿತು. ಹೋದ ದೀಪಾವಳಿಗೆ ಕಣ್ಣು ಬಿಟ್ಟು ಅಟ್ಟ ಹತ್ತಿದ ಬೆಕ್ಕಿಗೆ ಏಳು ವರ್ಷ ಎಂದಿತು ಯಂತ್ರ. ಚೊಚ್ಚಲ ಮರಿ ಹಾಕಿ ಬುಟ್ಟಿಯಲ್ಲಿ ಮಲಗಿದ್ದ ಬೆಕ್ಕಿಗೆ ಹತ್ತು ಎಂದಿತು. ಸಾಕಿದವರಿಗೆ ಸೋಜಿಗವಾಯಿತು. ಆದರೂ ಯಂತ್ರ ಮೈಯೊಳಗಿನದನ್ನು ನೋಡಿ ಹೇಳುತ್ತದೆ, ನಮಗೆ ಕಾಣುವುದು ಮೇಲಿನ ತುಪ್ಪಳ ಮಾತ್ರ ಎಂದು ಬಾಯಿ ಮುಚ್ಚಿಕೊಂಡರು.

ಯಂತ್ರಕ್ಕೂ ಮುಂಚೆ ಜ್ವರ ಬಂದಿತ್ತು. ನಾವು ಅದನ್ನು ಮಬ್ಬುಜ್ವರ ಎನ್ನುತ್ತಿದ್ದೆವು. ಇಲಿಯಿಂದ ಬರುತ್ತಿತ್ತು. ಬಂದವರು ಹೆತ್ತ ತಾಯಿಯ ಗುರುತು ಕೂಡ ಸಿಗದಂತೆ ಮಲಗಿಬಿಡುತ್ತಿದ್ದರು. ಕೆಲವರು ಎದ್ದರು, ಹಲವರು ಏಳಲಿಲ್ಲ. ಸರ್ಕಾರದವರು ಗಟಾರಗಳಿಗೆಲ್ಲ ವಿಷ ಸುರಿದರು. ಇಲಿ ಮುಗಿಯಲಿಲ್ಲ. ಆಗ ಎಲ್ಲರಿಗೂ ಬೆಕ್ಕಿನ ನೆನಪಾಯಿತು. ಬೆಕ್ಕಿಗೆ ಒಂದು ಸೂಜಿ ಚುಚ್ಚಿದರೆ ಅದಕ್ಕೆ ಜ್ವರ ತಾಗುವುದಿಲ್ಲ, ಎಷ್ಟು ಇಲಿ ಹಿಡಿದರೂ ಮನೆಯೊಳಗೆ ಜ್ವರ ತರುವುದಿಲ್ಲ ಎಂದು ದೊಡ್ಡ ದೊಡ್ಡವರು ಕಂಡುಹಿಡಿದರು. ಒಂದೇ ತೊಡಕು. ಒಂಬತ್ತು ವರ್ಷ ದಾಟಿದ ಬೆಕ್ಕಿಗೆ ಆ ಸೂಜಿ ಹಿಡಿಯುವುದಿಲ್ಲ. ಮುದಿ ಬೆಕ್ಕು ತಾನು ಚೆನ್ನಾಗಿಯೇ ಓಡಾಡಿಕೊಂಡಿದ್ದು ಉಸಿರಿನಲ್ಲಿ ಜ್ವರ ಹರಡುತ್ತದೆ. ಅದಕ್ಕೇ ಕಾಯಿದೆ ಬಂತು. ಒಂಬತ್ತು ದಾಟಿದ ಬೆಕ್ಕನ್ನು ಒಪ್ಪಿಸಿಬಿಡಬೇಕು. ಪ್ರತಿ ಸೋಮವಾರ ಬಿಳಿ ವ್ಯಾನು ಬರುತ್ತಿತ್ತು. ಅದರಲ್ಲಿ ಹೋದ ಬೆಕ್ಕು ತಿರುಗಿ ಬರುತ್ತಿರಲಿಲ್ಲ.

ಜನ ಏನೇನು ಮಾಡಿದರು ಎಂಬುದನ್ನು ನೆನೆದರೆ ಈಗಲೂ ನಗು ಬರುತ್ತದೆ. ನಮ್ಮ ಓಣಿಯ ಬಸಲಿಂಗವ್ವ ತನ್ನ ಬೆಕ್ಕಿನ ಗದ್ದದಲ್ಲಿ ಹುಟ್ಟಿನಿಂದಲೇ ಇದ್ದ ಬಿಳಿ ಕೂದಲಿಗೆ ಗಂಡನ ಮೀಸೆಯ ಬಣ್ಣ ಹಚ್ಚಿದಳು. ಬೆಕ್ಕು ಅದನ್ನು ನೆಕ್ಕಿ ಕಪ್ಪು ನಾಲಿಗೆ ಮಾಡಿಕೊಂಡು ಪರೀಕ್ಷೆಗೆ ಬಂತು. ಇನ್ನು ಕೆಲವರು ಮರಿಯ ಬಾಯಿಯ ಎಂಜಲನ್ನು ಹತ್ತಿಯಲ್ಲಿ ತೆಗೆದು ದೊಡ್ಡ ಬೆಕ್ಕಿನ ಬಾಯಿಗೆ ಸವರಿ ತಂದರು. ಯಂತ್ರ ಎರಡು ಜೀವ ಇವೆ ಎಂದು ಕೂಗಿತು. ಆಮೇಲೆ ಜನ ಇಂಥ ಉಪಾಯ ಮಾಡುವುದನ್ನು ಬಿಟ್ಟರು. ಸೋಮವಾರ ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂರುವುದನ್ನು ಕಲಿತರು.

ನಾನು ಇದನ್ನೆಲ್ಲ ಹತ್ತಿರದಿಂದ ನೋಡಿದೆ. ಪ್ರೆಸ್ ಓಣಿಯಲ್ಲಿ ಮುದ್ರಣದ ಅಂಗಡಿಗಳು ಇದ್ದ ಕಾಲಕ್ಕೆ ನಾನು ಹಾಳೆ ಮಡಚುವ, ಪುಸ್ತಕ ಹೊಲಿಯುವ ಕೆಲಸದವಳು. ಪ್ರೆಸ್ಸುಗಳು ಒಂದೊಂದಾಗಿ ಮುಚ್ಚಿದ ಮೇಲೆ ಅಂಥದೇ ಒಂದು ಹಳೆಯ ಪ್ರೆಸ್ಸಿನ ಕಟ್ಟಡದಲ್ಲಿ ಬೆಕ್ಕಿನ ಕೇಂದ್ರ ತೆರೆದರು. ಬೆಕ್ಕುಗಳಿಗೆ ಅನ್ನ ಹಾಕಲು, ಗೂಡು ತೊಳೆಯಲು, ಪರೀಕ್ಷೆಯ ಹೊತ್ತಿನಲ್ಲಿ ಅವನ್ನು ಹಿಡಿದುಕೊಳ್ಳಲು ಒಬ್ಬರು ಬೇಕಿತ್ತು. ಫಕ್ಕೀರವ್ವನ ಕೈಗೆ ಬೆಕ್ಕು ಪರಚುವುದಿಲ್ಲ ಎಂದು ಯಾರೋ ನನ್ನ ಹೆಸರು ಹೇಳಿದ್ದರಂತೆ. ಪರಚುತ್ತವೆ. ನಾನು ಕೈ ಎಳೆದುಕೊಳ್ಳುವುದಿಲ್ಲ, ಅಷ್ಟೇ.

ಅಲ್ಲಿನ ಡಾಕ್ಟರು ನಿರ್ಮಲಾ ಹಂಚಿನಾಳ ಎಂಬವರು. ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವರು. ಯಂತ್ರ ಬಂದು ಕೆಲವು ತಿಂಗಳಾದ ಮೇಲೆ ನಮ್ಮೂರಿಗೆ ಬಂದಿದ್ದರು. ಸೋಮವಾರ ಅವರು ಊಟ ಮಾಡುತ್ತಿರಲಿಲ್ಲ. ವ್ರತವೇನೋ ಎಂದುಕೊಂಡಿದ್ದೆ. ವ್ಯಾನು ಹೋದ ಮೇಲೆ ಅವರು ಕೈ ತೊಳೆಯುತ್ತಲೇ ನಿಲ್ಲುವುದನ್ನು ನೋಡಿದಾಗ ಅದು ವ್ರತವಲ್ಲ ಎಂದು ತಿಳಿಯಿತು.

ಶ್ರಾವಣದಲ್ಲಿ ಮೂಲೆಯ ಹಳೆಯ ಪ್ರೆಸ್ಸಿನ ಗೋದಾಮನ್ನು ಕೆಡವಿದರು. ಗೋಡೆ ಬಿದ್ದಾಗ ಒಳಗಿನಿಂದ ಕೂಗು ಕೇಳಿತೆಂದು ಚಹಾದಂಗಡಿಯ ಶಿವಪುತ್ರಪ್ಪ ಓಡಿಬಂದು ಹೇಳಿದ. ಹೋಗಿ ನೋಡಿದರೆ ರದ್ದಿಯ ಗಂಟುಗಳ ನಡುವೆ, ಒಡೆದ ಹೆಂಚಿನ ಕೆಳಗೆ ಒಂದು ದೊಡ್ಡ ಬೆಕ್ಕು ಸಿಕ್ಕಿಕೊಂಡಿತ್ತು. ಹಿಂದಿನ ಕಾಲಿಗೆ ಪೆಟ್ಟಾಗಿತ್ತು. ಕೆಲಸದವರು ಹಾರೆಯಿಂದ ಹೆಂಚು ಎತ್ತಿದರು, ನಾನು ಸೆರಗು ಹಾಸಿ ಎಳೆದುಕೊಂಡೆ. ಮೈಯೆಲ್ಲ ಧೂಳು ಮೆತ್ತಿ, ಪ್ರೆಸ್ಸಿನಲ್ಲಿ ನಾವು ಮೈದಾ ಕುದಿಸಿ ಮಾಡುತ್ತಿದ್ದ ಖಳಿಯ ಹಾಗೆ ಬೂದುಬಿಳಿ ಬಣ್ಣವಾಗಿತ್ತು. ತೊಳೆದ ಮೇಲೂ ಅದೇ ಬಣ್ಣ. ಖಳಿ ಎಂದೇ ಕರೆದೆ.

ಅದು ಯಾರ ಬೆಕ್ಕೂ ಅಲ್ಲ. ಎಲ್ಲಿ ಹುಟ್ಟಿತು, ಯಾವಾಗ ಹುಟ್ಟಿತು, ಹೇಳುವವರಿಲ್ಲ. ಡಾಕ್ಟರು ಅದನ್ನು ಮೇಜಿನ ಮೇಲೆ ಕೂರಿಸಿ ಬಾಯಿ ತೆರೆಸಿ ನೋಡಿದರು. ಮರಿಯಾದರೆ ಹಲ್ಲು ನೋಡಿ ಇಷ್ಟೇ ತಿಂಗಳು ಎನ್ನಬಹುದಂತೆ. ದೊಡ್ಡ ಹಲ್ಲು ಬಂದ ಮೇಲೆ ಅಂದಾಜು ಮಾತ್ರ. ಹಲ್ಲಿನ ಬುಡದಲ್ಲಿ ಹಳದಿ ಕಟ್ಟಿದ್ದರೆ ವಯಸ್ಸಾಗಿರಬಹುದು, ಅಥವಾ ಹೋಟೆಲಿನ ಎಂಜಲು ತಿಂದು ಬೆಳೆದಿರಬಹುದು. ಕೋರೆಹಲ್ಲು ಮುರಿದಿದ್ದರೆ ವಯಸ್ಸಾಗಿರಬಹುದು, ಜಗಳಗಂಟಿ ಇರಬಹುದು. ಖಳಿಗೆ ಎರಡೂ ಇದ್ದವು. ಡಾಕ್ಟರು ಬ್ಯಾಟರಿ ಹಿಡಿದು ಕಣ್ಣು ನೋಡಿದರು. ಮುದಿ ಬೆಕ್ಕಿನ ಕಣ್ಣಲ್ಲಿ ತೆಳ್ಳಗೆ ನೀಲಿ ಮಂಜು ಕವಿದಿರುತ್ತದೆ, ಬಣ್ಣದ ಭಾಗದಲ್ಲಿ ತುಕ್ಕಿನಂಥ ಚುಕ್ಕೆ ಬಿದ್ದಿರುತ್ತದೆ. ಖಳಿಯ ಕಣ್ಣು ತೊಳೆದ ಗಾಜಿನಂತಿತ್ತು. ಬೆನ್ನಿನ ಮೇಲೆ ಕೈಯಾಡಿಸಿದರು. ಎಲುಬು ಕೈಗೆ ಸಿಗಲಿಲ್ಲ, ಮಾಂಸ ಗಟ್ಟಿ ಇತ್ತು.

ಆಮೇಲೆ ಬಾಯೊಳಗೆ ಹತ್ತಿ ಆಡಿಸಿ ಯಂತ್ರಕ್ಕೆ ಕೊಟ್ಟರು. ಅದು ಗುನುಗುನು ಎಂದು, ಬಹಳ ಹೊತ್ತಾದ ಮೇಲೆ ಹನ್ನೊಂದು ಎಂದು ತೋರಿಸಿತು.

ಡಾಕ್ಟರು ಒಂದು ಸಲ ಯಂತ್ರ ನೋಡಿದರು, ಒಂದು ಸಲ ಖಳಿಯನ್ನು ನೋಡಿದರು. ಮತ್ತೆ ಹತ್ತಿ ಆಡಿಸಿದರು. ಮತ್ತೆ ಹನ್ನೊಂದು. ಬರುವ ಸೋಮವಾರ ಖಳಿ ವ್ಯಾನು ಹತ್ತಬೇಕು ಎಂದಾಯಿತು.

ಇದು ಹೇಗೆ ಗೊತ್ತು ಮಾಡುತ್ತದೆ ಎಂದು ನಾನು ಕೇಳಿದೆ. ಆವರೆಗೂ ಕೇಳಿರಲಿಲ್ಲ. ಅವರು ಬೇಸರವಿಲ್ಲದೆ ಹೇಳಿದರು. ಪ್ರತಿ ಜೀವದ ಮೈಯ ಕಣಕಣದಲ್ಲೂ ಒಂದು ಸಣ್ಣ ದಾರವಿರುತ್ತದೆ. ಜೀವ ಬದುಕಿದಷ್ಟು ಕಾಲ ಆ ದಾರದ ಮೇಲೆ ಅಲ್ಲಲ್ಲಿ ಗುರುತುಗಳು ಬೀಳುತ್ತ ಹೋಗುತ್ತವೆ. ಯಂತ್ರ ಆ ಗುರುತುಗಳನ್ನು ಓದುತ್ತದೆ. ಆದರೆ ಗುರುತು ಬೀಳುವ ವೇಗ ಎಲ್ಲ ಕಡೆ ಒಂದೇ ಅಲ್ಲ. ಬಿಸಿಲು ಬೇರೆ, ತಿನ್ನುವುದು ಬೇರೆ. ಪರದೇಶದ ಬೆಕ್ಕಿನ ಲೆಕ್ಕ ನಮ್ಮ ಬೆಕ್ಕಿಗೆ ಕೂಡುವುದಿಲ್ಲ. ಅದಕ್ಕೇ ಯಂತ್ರಕ್ಕೆ ಇಲ್ಲಿನ ಬೆಕ್ಕುಗಳಿಂದಲೇ ಪಾಠ ಹೇಳಿಕೊಡಬೇಕಾಯಿತು. ಇಂಥ ಗುರುತಿನ ಬೆಕ್ಕಿಗೆ ಇಷ್ಟು ವರ್ಷ ಎಂದು ನೂರಾರು ಬೆಕ್ಕು ತೋರಿಸಿ ಕಲಿಸಿದರು.

“ವರ್ಷ ಎಷ್ಟಂತ ಅದಕ್ಕ ಯಾರು ಹೇಳಿದ್ರು ಡಾಕ್ಟರ್ ಬಾಯಾರ?” ಎಂದೆ.

“ಸಾಕಿದವ್ರ ಹೇಳ್ಯಾರ, ಫಕ್ಕೀರವ್ವಾರ. ಅವ್ರನ್ ಬಿಟ್ರ ಮತ್ಯಾರಿಗೆ ಗೊತ್ತಿರತೈತಿ?”

ನಾನು ಖಳಿಯನ್ನು ಗೂಡಿಗೆ ಬಿಟ್ಟು ಮನೆಗೆ ಬಂದೆ.

ನಮ್ಮ ಮನೆಯ ಗೋಡೆಗೆ ಹತ್ತಿದ ಮನೆ ಹುಸೇನಬಿಯದು. ಪ್ರೆಸ್ಸಿನಲ್ಲಿ ನಾನು ಮಡಚಿದ ಹಾಳೆಗೆ ಅವಳು ಖಳಿ ಹಚ್ಚುತ್ತಿದ್ದಳು. ಈಗ ಬಾಗಿಲಲ್ಲಿ ಕೂತು ಮದುವೆಯ ಲಕೋಟೆ ಅಂಟಿಸುತ್ತಾಳೆ. ಅವಳಿಗೆ ರಾಜಾ ಎಂಬ ಕೆಂಚುಬೆಕ್ಕು ಇತ್ತು. ಅವಳು ಲಕೋಟೆ ಅಂಟಿಸುವಾಗ ಅದು ಲಕೋಟೆಯ ರಾಶಿಯ ಮೇಲೆಯೇ ಮಲಗುತ್ತಿತ್ತು. ಅದಕ್ಕೆ ಅವಳು ದಿನವೂ ಬೈಯುತ್ತಿದ್ದಳು, ಒಂದು ದಿನವೂ ಎಬ್ಬಿಸಲಿಲ್ಲ. ಜ್ಯೇಷ್ಠದಲ್ಲಿ ಯಂತ್ರ ರಾಜಾನಿಗೆ ಹತ್ತು ಎಂದಿತು. ಇದಕ್ಕೆ ಇನ್ನೂ ಮೂರು ತುಂಬಿಲ್ಲ ಎಂದು ಹುಸೇನಬಿ ಕೇಂದ್ರದ ಬಾಗಿಲಲ್ಲಿ ನಿಂತು ಹೇಳಿದಳು, ಕೈ ಮುಗಿದಳು, ಕೊನೆಗೆ ಬೈದಳು. ಬೆಕ್ಕು ಉಳಿಸಿಕೊಳ್ಳಲು ಎಲ್ಲರೂ ಕಡಿಮೆಯೇ ಹೇಳುತ್ತಾರೆ ಎಂದು ಅಧಿಕಾರಿಗಳು ಅವಳನ್ನು ಕಳಿಸಿದರು. ಆವತ್ತು ರಾಜಾನನ್ನು ಗೂಡಿನಿಂದ ತೆಗೆದು ವ್ಯಾನಿನವರ ಕೈಗೆ ಕೊಟ್ಟವಳು ನಾನೇ. ಅವಳು ನನ್ನೊಂದಿಗೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಆ ಸಂಜೆ ನಾನು ಅವಳ ಕಟ್ಟೆಯ ಮೇಲೆ ಕೂತು ಖಳಿಯ ಸುದ್ದಿ ಹೇಳಿದೆ. ಕಣ್ಣು ಹರೆಯದ್ದು, ಯಂತ್ರ ಮಾತ್ರ ಹನ್ನೊಂದು ಅನ್ನುತ್ತದೆ ಎಂದೆ. ಯಂತ್ರಕ್ಕೆ ಪಾಠ ಹೇಳಿದ್ದು ಊರಿನ ಬೆಕ್ಕುಗಳೇ ಅಂತೆ, ಸಾಕಿದವರು ಹೇಳಿದ ವಯಸ್ಸನ್ನೇ ಕಲಿತಿದೆಯಂತೆ ಎಂದೆ. ಮಾತಿಗೆ ಮಾತು ಸೇರಿಸಿದೆ ಅಷ್ಟೇ, ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

ಹುಸೇನಬಿಯ ಬೆರಳು ಲಕೋಟೆಯ ಮೇಲೆ ನಿಂತಿತು.

“ಯಾವಾಗ ಕಲಿಸಿದ್ರಂತ?”

ಜ್ವರ ಇಳಿದ ವರ್ಷ ಎಂದೆ. ಕನ್ನಡ ಸಾಲಿಯ ಅಂಗಳಕ್ಕೆ ಬೆಕ್ಕುಗಳನ್ನು ತರಿಸಿದ್ದರಲ್ಲ, ಹೊರಗಿನ ಕಂಪನಿಯವರು ಬಂದು ಹತ್ತಿ ಆಡಿಸಿಕೊಂಡು ಹೋದರಲ್ಲ, ಅದೇ ಇರಬೇಕು.

ಹೇಳುತ್ತಿದ್ದಂತೆಯೇ ನನಗೂ ಆ ದಿನ ಕಣ್ಣಿಗೆ ಕಟ್ಟಿತು. ಗೋಣಿಚೀಲ, ಬುಟ್ಟಿ, ಸೀರೆಯ ಮಡಿಲು, ಎಲ್ಲದರಲ್ಲೂ ಬೆಕ್ಕು. ಸಾಲು ಬೀದಿಯ ತನಕ ಇತ್ತು. ಬೆಳಿಗ್ಗೆಯೇ ಒಂದು ಸುದ್ದಿ ಹಬ್ಬಿತ್ತು. ಹರೆಯದ ಬೆಕ್ಕುಗಳನ್ನು ಆರಿಸಿ ಬಂದರಿನ ಗೋದಾಮುಗಳಿಗೆ ಒಯ್ಯುತ್ತಾರೆ, ಅಲ್ಲಿ ಇಲಿ ವಿಪರೀತವಂತೆ ಎಂದು. ಸುದ್ದಿ ಯಾರು ತಂದರೋ ಗೊತ್ತಿಲ್ಲ. ಮೇಜಿನ ಹಿಂದೆ ಕೂತ ಹುಡುಗ ತಲೆ ಎತ್ತದೆ ವಯಸ್ಸೆಷ್ಟು ಎಂದು ಕೇಳುತ್ತಿದ್ದ. ಜನ ಒಬ್ಬರ ಹಿಂದೊಬ್ಬರು ಮುದಿ ಬೆಕ್ಕು ರೀ, ಏಳು ವರ್ಷದ್ದು, ಎಂಟರದ್ದು, ಇಲಿ ಕಂಡರೂ ಏಳುವುದಿಲ್ಲ ಎಂದು ಹೇಳುತ್ತ ಹೋದರು. ಹೆಚ್ಚು ಕೂಡಿಸಿದವರೇ ಜಾಣರು ಎನ್ನುವಂತೆ ಹಿಂದಿನವರು ಮುಂದಿನವರಿಗಿಂತ ಒಂದು ಹೆಚ್ಚೇ ಹೇಳಿದರು. ಸರ್ಕಾರ ಕೇಳಿದಾಗ ಹಾಗೆ ಹೇಳುವುದು ನಮ್ಮಲ್ಲಿ ಸುಳ್ಳು ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ಯಾವುದಕ್ಕೆ ಕೇಳುತ್ತಾರೆ ಎಂದು ಅವರು ಹೇಳಲಿಲ್ಲ, ನಾವು ನಿಜ ಹೇಳಲಿಲ್ಲ.

ಹುಸೇನಬಿ ಕೈಯಲ್ಲಿದ್ದ ಲಕೋಟೆಯನ್ನು ಅಂಟಿಸದೆ ಕೆಳಗಿಟ್ಟಳು.

“ನಾ ಏಳು ಅಂದಿದ್ದೆ ಯಕ್ಕಾ. ಆವತ್ತು ಅದಕ್ಕ ಒಂದು ತುಂಬಿತ್ತು. ಏಳು ಅಂದೆ.”

ಅಂಟಿಸಿದ ಲಕೋಟೆಗಳನ್ನು ಜೋಡಿಸದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗೆ ದೀಪ ಹಚ್ಚಲಿಲ್ಲ. ನಾನು ಲಕೋಟೆಗಳನ್ನು ಎತ್ತಿ ಗಾಳಿಗೆ ಹಾರದ ಹಾಗೆ ಕಲ್ಲು ಹೇರಿ ಬಂದೆ.

ಮರುದಿನ ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳುತ್ತ ಕೇಳುತ್ತ ಕುರ್ಚಿಯ ಮೇಲೆ ಕೂತರು. ಆವತ್ತು ಸಾಲಿಯ ಅಂಗಳದಲ್ಲಿ ಯಾರಾದರೂ ಬೆಕ್ಕಿನ ಬಾಯಿ ನೋಡಿದರಾ ಎಂದು ಕೇಳಿದರು. ಇಲ್ಲ, ಹತ್ತಿ ಆಡಿಸಿದರು, ಸೀಸೆಗೆ ಹಾಕಿದರು, ಮುಂದಿನವರನ್ನು ಕರೆದರು ಎಂದೆ. ತಾನು ಬಂದಾಗಿನಿಂದ ಹಲ್ಲು ಒಂದು ಹೇಳುತ್ತದೆ, ಯಂತ್ರ ಇನ್ನೊಂದು ಹೇಳುತ್ತದೆ, ಪ್ರತಿ ಸಲ ಯಂತ್ರವನ್ನೇ ನಂಬಿದೆ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ವ್ಯಾನಿಗೆ ಎತ್ತಿಕೊಟ್ಟದ್ದು ನನ್ನ ಕೈಯೂ ಹೌದು.

ಅವತ್ತೇ ಅವರು ಮೇಲಧಿಕಾರಿ ಪರಪ್ಪ ಮುಶಿಗೇರಿಯವರನ್ನು ಕರೆಸಿದರು. ಸಾಹೇಬರು ಕೆಟ್ಟವರಲ್ಲ. ಜ್ವರದಲ್ಲಿ ಅವರ ತಮ್ಮ ಹೋಗಿದ್ದ. ಎದುರಿಗೆ ಕೂತ ಅಣ್ಣನನ್ನು ನೀ ಯಾರು ಎಂದು ಕೇಳುತ್ತಲೇ ಹೋದನಂತೆ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಆದರೆ ಊರಿಗೆಲ್ಲ ಗೊತ್ತಿತ್ತು. ಅವರು ಡಾಕ್ಟರ ಮಾತನ್ನು ಪೂರ್ತಿ ಕೇಳಿದರು. ಓಣಿಯ ಮಾತಿನ ಮೇಲೆ ಕಾಯಿದೆ ನಿಲ್ಲಿಸಲಾಗದು ಎಂದರು. ಒಂದು ಮುದಿ ಬೆಕ್ಕು ಉಳಿದರೆ ಒಂದು ಓಣಿ ಮಲಗುತ್ತದೆ. ಯಾರು ಸುಳ್ಳು ಹೇಳಿದರೋ ಅವರೇ ಎದುರಿಗೆ ಬಂದು, ಹೆಸರು ಹೇಳಿ, ಆವತ್ತಿನ ನಿಜವಾದ ವಯಸ್ಸು ಬರೆಸಬೇಕು. ಸರ್ಕಾರಕ್ಕೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಅವರ ಮೇಲೆ ಕೇಸಾಗುತ್ತದೆ, ಅದನ್ನೂ ತಿಳಿಸಿಬಿಡಿ ಎಂದರು. ಸೋಮವಾರದ ತನಕ ಸಮಯ ಕೊಟ್ಟರು.

ಡಾಕ್ಟರಿಗೆ ಅಷ್ಟು ಸಾಕಿತ್ತು. ಕಂಪನಿಯವರು ಯಂತ್ರದೊಂದಿಗೆ ಕಳಿಸಿದ್ದ ಆವತ್ತಿನ ಸೀಸೆಗಳೆಲ್ಲ ಕೇಂದ್ರದ ತಣ್ಣನೆಯ ಪೆಟ್ಟಿಗೆಯಲ್ಲಿ ಹೆಸರು ಸಮೇತ ಇನ್ನೂ ಇದ್ದವು. ನಿಜವಾದ ವಯಸ್ಸು ಸಿಕ್ಕರೆ ಅವೇ ಸೀಸೆಗಳಿಂದ ಯಂತ್ರಕ್ಕೆ ಹೊಸದಾಗಿ ಪಾಠ ಹೇಳಬಹುದು. ಒಂದೆರಡು ಸಾಲವು, ಓಣಿಯ ತುಂಬ ಬೇಕು ಎಂದರು.

ಅವತ್ತಿನಿಂದ ನಾನು ಮನೆಮನೆಗೂ ಹೋದೆ. ಯಾರೂ ಇಲ್ಲ ಅನ್ನಲಿಲ್ಲ, ಯಾರೂ ಬರುತ್ತೇನೆ ಎನ್ನಲೂ ಇಲ್ಲ. ಬಸಲಿಂಗವ್ವ ಚಹಾ ಕೊಟ್ಟು ಮಗನ ನೌಕರಿಯ ಮಾತೆತ್ತಿದಳು. ಕೇಸು ಎಂದರೆ ಮಗನ ಕಾಗದಪತ್ರಕ್ಕೆ ಅಡ್ಡಿ. ಶಿವಪುತ್ರಪ್ಪ ತನ್ನ ಅಂಗಡಿಯ ಪರವಾನಿಗೆ ನವೀಕರಣ ಇನ್ನೂ ಆಗಿಲ್ಲ ಎಂದ. ಹೋದ ಬೆಕ್ಕು ಹೋಯಿತು, ಈಗ ಎದ್ದು ಬರುತ್ತದೆಯೇ ಎಂದೂ ಕೆಲವರು ಅಂದರು. ಗೂಡಿನಲ್ಲಿ ಒಂದು ಬೆಕ್ಕು ಇನ್ನೂ ಕೂತಿದೆ ಎಂದೆ. ಅದು ನಮ್ಮದಲ್ಲವಲ್ಲ ಎಂದರು.

ಹುಸೇನಬಿಯ ಬಾಗಿಲನ್ನು ನಾನು ತಟ್ಟಲಿಲ್ಲ. ಅವಳ ಗಾಯದ ಮೇಲೆ ನಿಂತು ಕರೆಯುವುದು ನನಗೆ ಆಗಲಿಲ್ಲ.

ಸೋಮವಾರ ಬಂತು. ಖಳಿಯ ಕಾಲು ವಾಸಿಯಾಗುತ್ತಿತ್ತು. ಬೆಳಿಗ್ಗೆ ನಾನು ಅನ್ನ ಹಾಲು ಕಲಸಿ ಇಟ್ಟೆ, ಅದು ತಟ್ಟೆ ಮಗುಚಿ ಮೀನು ಬೇಕೆಂದು ಕೂಗಿತು. ಅಷ್ಟರಲ್ಲಿ ವ್ಯಾನಿನ ಶಬ್ದ ಕೇಳಿಸಿತು. ಅಂಗಳದಲ್ಲಿ ಸಾಹೇಬರು ಕುರ್ಚಿ ಹಾಕಿಸಿಕೊಂಡು ಕೂತರು. ಓಣಿಯ ಜನ ಬಂದಿದ್ದರು. ಗೇಟಿನ ಹೊರಗೆ ನಿಂತಿದ್ದರು. ನೋಡಲು ಬಂದವರ ಹಾಗೆ ಕೈ ಕಟ್ಟಿಕೊಂಡಿದ್ದರು.

ಯಾರಾದರೂ ಹೇಳುವವರು ಇದ್ದಾರೆಯೇ ಎಂದು ಸಾಹೇಬರು ಕೇಳಿದರು. ಯಾರೂ ಕದಲಲಿಲ್ಲ. ಅವರು ಡಾಕ್ಟರ ಕಡೆ ನೋಡಿ, ನನ್ನ ಕಡೆ ನೋಡಿದರು.

“ಆಯಿ, ಬೆಕ್ಕು ತರ್ರಿ.”

ನಾನು ಗೂಡಿನ ಬಾಗಿಲ ಮುಂದೆ ಕೂತೆ. ನೆಲದ ಮೇಲೆ, ಕಾಲು ಚಾಚಿ, ಹಾಳೆ ಮಡಚುವಾಗ ಕೂರುತ್ತಿದ್ದ ಹಾಗೆ.

“ತರಂಗಿಲ್ರಿ,” ಎಂದೆ. “ಇಷ್ಟು ದಿನ ತಂದ್ ತಂದ್ ಕೊಟ್ಟೇನಿ. ಇದನ್ ಕೊಡಂಗಿಲ್ಲ. ಬೇಕಾದ್ರ ನನ್ನ ದಾಟಿಕೊಂಡ್ ಹೋಗಿ ತಗೀರಿ.”

ವ್ಯಾನಿನವರು ಒಬ್ಬರ ಮುಖ ಒಬ್ಬರು ನೋಡಿದರು. ಮುದುಕಿಯನ್ನು ದಾಟುವುದು ಹೇಗೆಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಸಾಹೇಬರು ಸಿಟ್ಟಾಗಲಿಲ್ಲ. ಕಾಯಿದೆ ನಾನು ಮಾಡಿದ್ದಲ್ಲ, ಜ್ವರ ನಾನು ತಂದದ್ದಲ್ಲ ಎಂದರು. ಜ್ವರ ಸುಳ್ಳಲ್ಲ ಎಂದು ನಾನೂ ಒಪ್ಪಿದೆ. ಈ ಬೆಕ್ಕಿಗೆ ನಿಜವಾಗಿ ಒಂಬತ್ತು ದಾಟಿದ್ದರೆ ನಾನೇ ಎತ್ತಿ ಕೊಡುತ್ತೇನೆ ಎಂದೆ. ಹಾಗಾದರೆ ಇದಕ್ಕೆ ಎಷ್ಟು ವಯಸ್ಸು ಹೇಳಿ ಎಂದರು. ನನಗೆ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ, ಯಂತ್ರಕ್ಕೂ ಗೊತ್ತಿಲ್ಲ, ಗೊತ್ತಿಲ್ಲದವರು ಸೇರಿ ಕೊಲ್ಲುವುದು ಬೇಡ ಎಂದೆ.

ಆಗ ಗೇಟಿನ ಹೊರಗೆ ಜನ ಸರಿದು ದಾರಿ ಕೊಟ್ಟರು. ಹುಸೇನಬಿ ಒಳಗೆ ಬಂದಳು. ಅವಳ ಬೆರಳಿಗೆ ಅಂಟು ಹಾಗೇ ಒಣಗಿತ್ತು. ನೇರ ಸಾಹೇಬರ ಮುಂದೆ ನಿಂತಳು.

“ಬರಕೋರಿ. ಹುಸೇನಬಿ ಮೌಲಾಸಾಬ ನದಾಫ. ಬೆಕ್ಕಿನ ಹೆಸರು ರಾಜಾ. ಸಾಲಿ ಅಂಗಳದಾಗ ನಾ ಏಳು ಅಂತ ಹೇಳಿದ್ದೆ. ಆವತ್ತು ಅದಕ್ಕ ಒಂದ ವರ್ಷ ಆಗಿತ್ತು.”

ಸಾಹೇಬರು ಪೆನ್ನು ಕೆಳಗಿಟ್ಟರು. ಅಮ್ಮ, ಇದನ್ನು ಬರೆದರೆ ನಿಮ್ಮ ಮೇಲೆ ಕೇಸು ಆಗುತ್ತದೆ, ನಿಮ್ಮ ಬೆಕ್ಕಂತೂ ಈಗ ಇಲ್ಲ, ಇದರಿಂದ ನಿಮಗೆ ಏನೂ ಬರುವುದಿಲ್ಲ ಎಂದು ಮೆತ್ತಗೆ ಹೇಳಿದರು. ನಿಜವಾಗಿಯೂ ಅವಳನ್ನು ತಪ್ಪಿಸಲು ನೋಡಿದರೆಂದೇ ನನಗನ್ನಿಸುತ್ತದೆ.

“ಬರೂದಿಲ್ಲ ಅಂತ ಗೊತ್ತೈತ್ರಿ,” ಎಂದಳು ಹುಸೇನಬಿ. “ನನ್ನ ಒಂದ ಮಾತ ತಗೊಂಡು ನಿಮ್ಮ ಯಂತ್ರ ನನ್ನ ರಾಜಾನ್ನ ತಿಂತು. ಆ ಮಾತ ನಾ ಅದರ ಬಾಯಾಗಿಂದ ವಾಪಸ್ ತಗೊಳ್ಳಾಕ ಬಂದೇನಿ. ಬರಕೋರಿ.”

ಸಾಹೇಬರು ಬರೆದುಕೊಂಡರು. ಆದರೆ ಒಂದು ಬೆಕ್ಕಿನಿಂದ ಯಂತ್ರ ತಿದ್ದಲು ಆಗುವುದಿಲ್ಲ ಎಂದು ಡಾಕ್ಟರೇ ಹೇಳಬೇಕಾಯಿತು.

ಹುಸೇನಬಿ ಗೇಟಿನ ಕಡೆ ತಿರುಗಿದಳು.

“ಏ ಬಸಲಿಂಗವ್ವ, ಅಲ್ಯಾಕ್ ನಿಂತೀ ಬೇ? ಆವತ್ತು ನಿನ್ನ ಬೆಕ್ಕ ನಿನ್ನ ಉಡ್ಯಾಗ ಕುಂತು ನಿನ್ನ ಸೆರಗ ಚೀಪತಿತ್ತು. ಎಂಟು ಅಂದ್ಯಲ್ಲ, ಎಂಟು ವರ್ಷದ ಕೂಸಿಗೆ ಇನ್ನೂ ಹಾಲ ಬಿಡಿಸಿರಲಿಲ್ಲೇನು?”

ಹಿಂದೆ ಯಾರೋ ನಕ್ಕರು. ಬಸಲಿಂಗವ್ವನ ಮುಖ ಕೆಂಪಾಯಿತು.

“ಶಿವಪುತ್ರಪ್ಪಾ, ನೀ ಒಂಬತ್ತು ಅಂದಿ. ನಿನ್ನ ಅಂಗಡಿ ತೆರೆದು ಆವಾಗ ನಾಕ ವರ್ಷ. ಅಂಗಡ್ಯಾಗ ಹುಟ್ಟಿದ ಬೆಕ್ಕು ಅಂಗಡಿಕಿಂತ ಮೊದಲ ಹೆಂಗ ಹುಟ್ಟತೈತಿ?”

ಈ ಸಲ ನಗು ಜೋರಾಯಿತು. ಶಿವಪುತ್ರಪ್ಪ ಕೂಡ ನಕ್ಕ, ಟವೆಲ್ಲಿನಿಂದ ಮುಖ ಒರೆಸಿಕೊಂಡ. ನಗುತ್ತಿದ್ದವನು ಆ ಟವೆಲ್ಲನ್ನು ಮುಖದಿಂದ ತೆಗೆಯಲೇ ಇಲ್ಲ. ಅವನ ಬೆಕ್ಕೂ ಆಷಾಢದಲ್ಲಿ ಹೋಗಿತ್ತು.

ಮೊದಲು ಒಳಗೆ ಬಂದವಳು ಬಸಲಿಂಗವ್ವ. ಅವಳು ಸಾಹೇಬರ ಮುಂದೆ ನಿಂತದ್ದೇ ಮಗನ ನೌಕರಿಯ ವಿಷಯ ಒಂದು ಉಸಿರಿನಲ್ಲಿ ಹೇಳಿ, ಅದೇ ಉಸಿರಿನಲ್ಲಿ ಬೆಕ್ಕಿಗೆ ಆಗ ಆರು ತಿಂಗಳು ಎಂದಳು. ಅವಳ ಹಿಂದೆ ಶಿವಪುತ್ರಪ್ಪ. ಆಮೇಲೆ ಗೇಟು ಮುಚ್ಚಲಾಗಲಿಲ್ಲ. ಆವತ್ತು ಸಾಲಿಯ ಅಂಗಳದಲ್ಲಿ ನಿಂತ ಹಾಗೆಯೇ ಜನ ಸಾಲು ನಿಂತರು. ಒಬ್ಬರು ವಯಸ್ಸು ಹೇಳಿದರೆ ಹಿಂದಿನವರು ತಿದ್ದಿದರು. ಅಲ್ಲ, ನಿನ್ನ ಸೊಸೆ ಬಾಣಂತನಕ್ಕೆ ಬಂದಾಗ ಹುಟ್ಟಿದ್ದು, ಎರಡೂವರೆ ಆಗಬೇಕು ಎಂದು ಜಗಳಾಡಿದರು. ಈ ಸಲ ಯಾರಿಗೂ ಹೆಚ್ಚು ಕೂಡಿಸುವುದು ಬೇಕಿರಲಿಲ್ಲ. ವ್ಯಾನಿನವರಿಗೂ ನಿಂತು ನಿಂತು ಸಾಕಾಯಿತು. ಅವರಲ್ಲೊಬ್ಬ ಅಳುಕುತ್ತ ಮುಂದೆ ಬಂದು, ತನ್ನ ತಾಯಿಯೂ ಬೆಟಗೇರಿಯಲ್ಲಿ ಹೀಗೇ ಹೇಳಿದ್ದಳು, ಅವಳನ್ನೂ ಕರೆತರಲೇ ಎಂದು ಕೇಳಿದ.

ಸಾಹೇಬರು ಎದ್ದಾಗ ಬಿಸಿಲು ಇಳಿದಿತ್ತು. ಯಂತ್ರ ಹೊಸದಾಗಿ ಕಲಿಯುವ ತನಕ ವ್ಯಾನು ಬರುವುದಿಲ್ಲ ಎಂದರು. ಅಲ್ಲಿಯ ತನಕ ಈ ಬೆಕ್ಕು ಕೇಂದ್ರದಲ್ಲಿ ಇರಕೂಡದು, ಊರಿನಲ್ಲಿ ತಿರುಗಕೂಡದು ಎಂದೂ ಅಂದರು. ನನ್ನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಇಟ್ಟುಕೊಳ್ಳುತ್ತೇನೆ, ನಾನೂ ಹೊರಗೆ ಬರುವುದಿಲ್ಲ, ಜ್ವರ ಬಂದರೆ ಮೊದಲು ನನಗೇ ಬರಲಿ ಎಂದೆ. ಅವರು ನನ್ನನ್ನು ನೋಡುತ್ತ ನಿಂತರು. ತಮ್ಮನ ನೆನಪಾಯಿತೋ ಏನೋ. ಹುಷಾರಾಗಿರಿ ಆಯಿ ಎಂದಷ್ಟೇ ಹೇಳಿ ಜೀಪು ಹತ್ತಿದರು.

ಒಂದು ತಿಂಗಳ ಮೇಲಾಯಿತು ನಾನು ಖಳಿಯೊಂದಿಗೆ ಒಳಗಿದ್ದದ್ದು. ಓಣಿಯವರು ಕಿಟಕಿಯಿಂದ ರೊಟ್ಟಿ ಕೊಡುತ್ತಿದ್ದರು, ಖಳಿಗೆಂದು ಮೀನಿನ ತಲೆ ಕೊಡುತ್ತಿದ್ದರು. ಅದಕ್ಕೆ ನನಗಿಂತ ಚೆನ್ನಾಗಿ ನಡೆಯುತ್ತಿತ್ತು. ಡಾಕ್ಟರು ಅಲ್ಲಿ ಸೀಸೆಗಳನ್ನು ಒಂದೊಂದಾಗಿ ಯಂತ್ರಕ್ಕೆ ತೋರಿಸಿ ಹಳೆಯ ಪಾಠ ಅಳಿಸುತ್ತಿದ್ದರು. ಕೊನೆಗೊಂದು ದಿನ ಅವರೇ ಮನೆಗೆ ಬಂದು ಖಳಿಯ ಬಾಯಲ್ಲಿ ಹತ್ತಿ ಆಡಿಸಿಕೊಂಡು ಹೋದರು. ಸಂಜೆ ಬಂದು ಹೇಳಿದರು. ನಾಲ್ಕರಿಂದ ಏಳು. ಅದರ ನಡುವೆ ಎಲ್ಲೋ ಇದೆ, ಎಲ್ಲಿ ಎಂದು ಹೇಳಲಾಗದು. ಮೇಲಿನವರು ಒಂದೇ ಅಂಕಿ ಬೇಕೆಂದು ಒತ್ತಾಯಿಸಿದರಂತೆ. ಇನ್ನು ಮುಂದೆ ಯಂತ್ರ ಎಷ್ಟು ಗೊತ್ತೋ ಅಷ್ಟನ್ನೇ ಹೇಳುತ್ತದೆ, ಅದಕ್ಕಿಂತ ಹೆಚ್ಚು ನಾನು ಹೇಳಿಸುವುದಿಲ್ಲ ಎಂದು ಉತ್ತರ ಕೊಟ್ಟರಂತೆ. ಅಂದು ಅವರು ನಮ್ಮ ಮನೆಯಲ್ಲಿ ಎರಡು ರೊಟ್ಟಿ ಉಂಡರು.

ಎಷ್ಟು ಬೆಕ್ಕುಗಳನ್ನು ಸುಮ್ಮನೆ ಕೊಂದೆವು ಎಂಬ ಲೆಕ್ಕ ಯಂತ್ರ ಈಗ ಹೆಚ್ಚುಕಡಿಮೆ ಹೇಳಬಲ್ಲದು. ಯಾರೂ ಅದನ್ನು ಕೇಳಿಲ್ಲ.

ಕೇಸು ಮಾತ್ರ ಬಂತು. ಎಲ್ಲರ ಮನೆಗೂ ಬಂತು. ಒಂದು ಮಧ್ಯಾಹ್ನ ಕಚೇರಿಯ ಒಬ್ಬ ಗುಮಾಸ್ತ ಓಣಿಗೆ ಬಂದು, ತಪ್ಪಾಯಿತು, ಇನ್ನು ಮುಂದೆ ಸರ್ಕಾರಕ್ಕೆ ಸುಳ್ಳು ಹೇಳುವುದಿಲ್ಲ ಎಂದು ಬರೆದ ಕಾಗದಕ್ಕೆ ಸಹಿ ಹಾಕಿದರೆ ಇಲ್ಲಿಗೇ ಮುಗಿಸುತ್ತೇವೆ ಎಂದ. ಒಳ್ಳೆಯ ಹುಡುಗ, ಮುಗಿಸಲೆಂದೇ ಬಂದಿದ್ದ. ಕೆಲವರು ಹಾಕಿದರು. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಬಸಲಿಂಗವ್ವನಿಗೆ ಹಾಕು ಎಂದು ನಾನೇ ಹೇಳಿದೆ.

ಹುಸೇನಬಿಯ ಬಾಗಿಲಿಗೆ ಅವನು ಬಂದಾಗ ನಾನು ಅಲ್ಲೇ ಕೂತಿದ್ದೆ. ಕಾಗದವನ್ನು ಅವನಿಂದಲೇ ಓದಿಸಿದಳು. ಕೇಳಿ, ಮಡಚಿ, ಅವನ ಕೈಗೇ ವಾಪಸು ಇಟ್ಟಳು.

“ಇದಕ್ಕ ಸಹಿ ಮಾಡಂಗಿಲ್ಲ ತಮ್ಮಾ. ಒಯ್ಯಾಕ ಬಂದ್ರ ಮತ್ತ ಸುಳ್ಳ ಹೇಳತೀನಿ. ಯಾಕ ಕೇಳಾಕತ್ತೀವಿ ಅಂತ ಮೊದಲ ಹೇಳಿ ಕೇಳ್ರಿ, ಖರೇನ ಹೇಳತೀನಿ. ನಿಮ್ಮ ಸಾಹೇಬ್ರಿಗೆ ಹಿಂಗ ಹೇಳಿದ್ಲು ಅಂತ ಹೇಳು.”

ಅವನು ಹಾಗೇ ಬರೆದುಕೊಳ್ಳಲೇ ಎಂದು ಕೇಳಿದ.

ಹಾಗೇ ಬರೆದುಕೋ ಎಂದಳು. ಒಂದಕ್ಷರವೂ ಬಿಡಬೇಡ ಎಂದಳು. ಅವನು ಅವಳ ಕಟ್ಟೆಯ ಮೇಲೆಯೇ ಕೂತು ಬರೆದ. ಬರೆದು ಮುಗಿಯುವ ತನಕ ಹುಸೇನಬಿ ಅವನ ಪೆನ್ನಿನಿಂದ ಕಣ್ಣು ತೆಗೆಯಲಿಲ್ಲ. ಅವಳ ಕೇಸು ಇನ್ನೂ ನಡೆದಿದೆ. ತಾರೀಖು ಬಂದಾಗಲೆಲ್ಲ ನಾವಿಬ್ಬರೂ ಬೆಳಿಗ್ಗೆ ಎದ್ದು, ತಲೆ ಬಾಚಿಕೊಂಡು, ನಡೆದೇ ಕೋರ್ಟಿಗೆ ಹೋಗುತ್ತೇವೆ.